ಗೋಡೆ ಎದ್ದರೆ ಸಾಲದು, ಕೆಲಸ ಬರಬೇಕು
(ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಅಮೆರಿಕೆಯೆಂದರೆ ಸಿರಿವಂತರ ನಾಡು, ಅಲ್ಲಿ ಕೆಲಸಕ್ಕೆ ಬರವಿಲ್ಲ ಎಂದು ನಾವು ಕೇಳುತ್ತ ಬಂದಿದ್ದೇವೆ. ಆ ನಾಡಿನ ಲೆಕ್ಕವನ್ನೇ ನೋಡೋಣ. 1979ರಲ್ಲಿ ಅಲ್ಲಿಯ ಕಾರ್ಖಾನೆಗಳಲ್ಲಿ ಸುಮಾರು 1 ಕೋಟಿ 95 ಲಕ್ಷ ಜನ ದುಡಿಯುತ್ತಿದ್ದರು. 2010ರ ಆರಂಭಕ್ಕೆ ಉಳಿದವರು ಸುಮಾರು 1 ಕೋಟಿ 15 ಲಕ್ಷ.

ಓಹಿಯೋ ರಾಜ್ಯದ ಯಂಗ್ಸ್‌ಟೌನ್ ಉಕ್ಕಿನ ಊರು. ಅಲ್ಲಿಯ ದೊಡ್ಡ ಉಕ್ಕಿನ ಕಂಪನಿಯನ್ನು 1969ರಲ್ಲಿ ದೂರದ ಒಂದು ಹಡಗು ಕಂಪನಿ ಕೊಂಡಿತು. 1977ರ ಸೆಪ್ಟೆಂಬರ್ 19, ಸೋಮವಾರ, ಕ್ಯಾಂಬೆಲ್ ಕಾರ್ಖಾನೆ ಮುಚ್ಚುತ್ತದೆಂದು ಸಾರಲಾಯಿತು. ಸುಮಾರು 5,000 ಜನರ ಕೆಲಸ ಹೋಯಿತು. ಕಾರ್ಮಿಕರೂ ಚರ್ಚುಗಳೂ ಒಂದಾಗಿ, ಕಾರ್ಖಾನೆಯನ್ನು ತಾವೇ ಕೊಂಡು ನಡೆಸುತ್ತೇವೆಂದರು; ಊರವರು ಉಳಿತಾಯದ ಹಣ ಮುಂದಿಟ್ಟರು. 1979ರಲ್ಲಿ ವಾಷಿಂಗ್ಟನ್ ಸರಕಾರ ಸಾಲಕ್ಕೆ ಜಾಮೀನು ನಿಲ್ಲಲು ಒಪ್ಪಲಿಲ್ಲ. ಮಾಲಿಕನು ಉಂಡೂ ಹೋದ, ಕೊಂಡೂ ಹೋದ. 1970ರಲ್ಲಿ ಸುಮಾರು 1 ಲಕ್ಷ 40 ಸಾವಿರ ಜನರಿದ್ದ ಊರಿನಲ್ಲಿ 2020ರಲ್ಲಿ ಉಳಿದವರು 60 ಸಾವಿರ. ಪಾಳಿ ಮುಗಿಸಿ ಬರುವವನೇ ಇಲ್ಲದ ಮೇಲೆ ಅಂಗಡಿಕಾರನು ಯಾರಿಗೆ ತೂಗಬೇಕು?

ಈ ಕೆಲಸಗಳೆಲ್ಲ ಎಲ್ಲಿ ಹೋದವು? ಒಂದು ಪಾಲು ಯಂತ್ರಕ್ಕೆ ಹೋಯಿತು. 1980ರ ಸುಮಾರಿಗೆ ಒಂದು ಟನ್ ಉಕ್ಕಿಗೆ ಸುಮಾರು 10 ಗಂಟೆಗಳ ದುಡಿಮೆ ಬೇಕಿತ್ತು. ಈಗ 2 ಗಂಟೆಯೂ ಬೇಡ. ಇನ್ನೊಂದು ಪಾಲು ಹೊರದೇಶಕ್ಕೆ ಹೋಯಿತು. ಚೀನಾ 2001ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯನ್ನು ಸೇರಿತು. 2000ದಿಂದ 2010ರೊಳಗೆ ಅಮೆರಿಕೆಯಲ್ಲಿ 50 ಲಕ್ಷಕ್ಕೂ ಹೆಚ್ಚು ಕಾರ್ಖಾನೆ ಕೆಲಸಗಳು ಇಲ್ಲವಾದವು. ಇದಕ್ಕೆ ಚೀನಾದ ಕೂಲಿಕಾರನನ್ನು ಬೈದು ಫಲವಿಲ್ಲ. ಅದಕ್ಕೂ ಬಹಳ ಹಿಂದೆಯೇ ಮೆಸಾಚುಸೆಟ್ಸ್‌ನ ಹತ್ತಿ ಗಿರಣಿಗಳು ಅಗ್ಗದ ಕೂಲಿ ಹುಡುಕಿ ತಮ್ಮದೇ ದೇಶದ ದಕ್ಷಿಣಕ್ಕೆ ಹೋಗಿದ್ದವು. ಬಂಡವಾಳಕ್ಕೆ ಕಾಲಿದೆ, ಕಾರ್ಮಿಕನಿಗೆ ಮನೆ ಮಠವಿದೆ.

ಹೋದದ್ದನ್ನು ಮರಳಿ ತರುತ್ತೇವೆಂದು ಅಲ್ಲಿಯ ಎರಡೂ ಪಕ್ಷಗಳು ಹೇಳುತ್ತಿವೆ. 2018ರಲ್ಲಿ ಆಮದು ಉಕ್ಕಿನ ಮೇಲೆ ನೂರಕ್ಕೆ 25ರ ಸುಂಕ ಬಿತ್ತು. 2025ರಲ್ಲಿ ಅದು 50ಕ್ಕೇರಿತು. ಉಕ್ಕು ಮಾಡುವವನಿಗೆ ಇದರಿಂದ ನೆರಳು ಸಿಕ್ಕಿತು. ಉಕ್ಕು ಕೊಂಡು ಸಾಮಾನು ಮಾಡುವವನಿಗೆ ಬೆಲೆ ಏರಿತು. 2022ರ ಕಾನೂನು ಚಿಪ್ ತಯಾರಿಕೆಗೆಂದು 5,000 ಕೋಟಿ ಡಾಲರಿಗೂ ಮಿಕ್ಕಿ ಹಣ ತೆಗೆದಿರಿಸಿತು. ಕಾರ್ಖಾನೆ ಕಟ್ಟುವ ವೆಚ್ಚ ಇಮ್ಮಡಿಯಾಯಿತು. ಆದರೂ 2025ರಲ್ಲಿ ಕಾರ್ಖಾನೆ ಕೆಲಸಗಾರರ ಸಂಖ್ಯೆ ಇಳಿಯಿತು. ಗೋಡೆ ಎದ್ದಷ್ಟು ಬೇಗ ಸಂಬಳದ ಪಟ್ಟಿ ಬೆಳೆಯುವುದಿಲ್ಲ.

ಆಸೆಯ ಮಾತೂ ಉಂಟು. 2023ರಲ್ಲಿ ಮೋಟಾರು ಕಾರ್ಮಿಕರ ಸಂಘ ಸುಮಾರು ಆರು ವಾರ ಮುಷ್ಕರ ಹೂಡಿತು. ನೂರಕ್ಕೆ 25ರ ಸಂಬಳ ಏರಿಕೆಯ ಜೊತೆಗೆ, ಇಲಿನಾಯ್ ರಾಜ್ಯದ ಬೆಲ್ವಿಡೇರ್‌ನಲ್ಲಿ ಬೀಗ ಬಿದ್ದಿದ್ದ ಕಾರ್ಖಾನೆಯನ್ನು ತೆರೆಯುವ ಮಾತನ್ನೂ ಒಪ್ಪಂದದಲ್ಲಿ ಬರೆಯಿಸಿಕೊಂಡಿತು. ಕಂಪನಿ ದಿನ ದೂಡಿತು. ಸಂಘ ಪಟ್ಟು ಬಿಡಲಿಲ್ಲ. 2027ರಲ್ಲಿ ತೆರೆಯುವುದಾಗಿ 2025ರ ಜನವರಿಯಲ್ಲಿ ಕಂಪನಿಯೇ ಹೇಳಬೇಕಾಯಿತು.

ಯಂಗ್ಸ್‌ಟೌನ್‌ನವರು ಕೇಳಿದ್ದು ಇದೇ ಹಕ್ಕನ್ನು: ಕಾರ್ಖಾನೆಯ ಬಾಗಿಲು ತೆರೆಯುವ, ಮುಚ್ಚುವ ತೀರ್ಮಾನದಲ್ಲಿ ದುಡಿಯುವವನಿಗೂ ಊರಿಗೂ ಒಂದು ಮಾತು ಇರಬೇಕು. ಸುಂಕ, ಸಹಾಯಧನ ಯಾವುದೇ ಇರಲಿ, ಎಷ್ಟು ಕೆಲಸ, ಎಷ್ಟು ಸಂಬಳ, ಎಷ್ಟು ವರ್ಷ ಎಂದು ಮೊದಲೇ ಬರೆಯಿಸಿಕೊಳ್ಳದಿದ್ದರೆ ಆ ಹಣ ಮಾಲಿಕನ ಜೇಬಿಗೆ ಹೋಗುತ್ತದೆ.