ಬಾಗಿದ ಅಂಗ, ಮುಚ್ಚಿಟ್ಟ ಮಾತು

ಕುಣಿಗಲ್ ಕುದುರೆಗಳಿಗೆ ಹೆಸರಾದ ಊರು. ಸಭೆಯಲ್ಲಿ ಆ ಕಡೆಯವರಿದ್ದರೆ ಮುನಿಸಿಕೊಳ್ಳಬಾರದು. ತಳಿ ಬೆಳೆಸುವ ಗಂಡುಕುದುರೆಯ ಆರೋಗ್ಯವನ್ನು ನಾಲ್ಕು ಜನರೆದುರು ಮಾತಾಡಲು ಅಲ್ಲಿ ಯಾರಿಗೂ ಸಂಕೋಚವಿಲ್ಲ. ಗಂಡಸು ಮಾತ್ರ ತನ್ನ ಅಂಗಕ್ಕೆ ಬಂದ ತೊಂದರೆಯನ್ನು ಕಟ್ಟಿಕೊಂಡ ಹೆಂಡತಿಗೂ ಹೇಳಲಾರ. ಗುಬ್ಬಿಯಲ್ಲಾಗಲಿ ತುಮಕೂರಿನಲ್ಲಾಗಲಿ ಇದು ಬೇರೆಯಲ್ಲ. ಹೀಗೆ ಬಾಯಿ ಬಿಡದವನ ಕಣ್ಣಿಗೆ ಬೀಳುವುದು ಗೋಡೆಯ ಮೇಲಿನ ‘ಗುಪ್ತರೋಗ’ದ ಜಾಹೀರಾತು.

ನಡುವಯಸ್ಸು ದಾಟಿದ ಕೆಲವರಲ್ಲಿ ಶಿಶ್ನವು ನಿಮಿರಿದಾಗ ಒಂದು ಪಕ್ಕಕ್ಕೆ ಬಾಗತೊಡಗುತ್ತದೆ. ಮೊದಮೊದಲು ನೋವೂ ಇರುವುದುಂಟು. ಒಳಗಿನ ಗಟ್ಟಿ ಪೊರೆಯಲ್ಲಿ ಗಾಯದ ಕಲೆಯಂಥ ಗಂಟು ಕಟ್ಟುವುದೇ ಇದಕ್ಕೆ ಕಾರಣ. ಗೊತ್ತೇ ಆಗದ ಸಣ್ಣ ಪೆಟ್ಟುಗಳಿಂದ ಹೀಗಾಗುತ್ತದೆಂದು ವೈದ್ಯರ ಊಹೆ. ಉಳಿದ ಭಾಗ ಹಿಗ್ಗುತ್ತದೆ, ಕಲೆ ಹಿಗ್ಗುವುದಿಲ್ಲ; ಅಂಗ ಕಲೆಯ ಕಡೆಗೆ ಬಾಗುತ್ತದೆ. ಇದು ಕ್ಯಾನ್ಸರ್ ಅಲ್ಲ, ಅಂಟುರೋಗವಲ್ಲ, ಯಾವ ಪಾಪದ ಫಲವೂ ಅಲ್ಲ. ಸಕ್ಕರೆ ಕಾಯಿಲೆಯವರಲ್ಲಿ ತುಸು ಹೆಚ್ಚು.

ಫ್ರಾನ್ಸಿನ ದೊರೆ ಹದಿನೈದನೆಯ ಲೂಯಿಯ ಶಸ್ತ್ರವೈದ್ಯ ಲಾ ಪೆರೋನಿ 1743ರಲ್ಲಿ ಇದನ್ನು ವಿವರಿಸಿದ. ಕಾಯಿಲೆಗೆ ಅವನ ಹೆಸರೇ ನಿಂತಿತು. ಅವನು ಹೇಳಿದ ಮದ್ದು ಬರೇಜ್ ಎಂಬ ಊರಿನ ಬುಗ್ಗೆಯ ನೀರು! ಆಮೇಲೆ ಬಂದ ಗುಳಿಗೆಗಳದ್ದೂ ಹೇಳಿಕೊಳ್ಳುವಂಥ ಸಾಧನೆಯಲ್ಲ. ಕಲೆಯನ್ನು ಕರಗಿಸುವ ಚುಚ್ಚುಮದ್ದಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2013ರಲ್ಲಿ. ಅದು ಬಾಗನ್ನು ತಗ್ಗಿಸೀತು, ಪೂರ್ತಿ ನೇರವಾಗಿಸುವುದು ಕಡಿಮೆ.

ಹೆಚ್ಚು ಭರವಸೆಯ ದಾರಿ ಶಸ್ತ್ರಚಿಕಿತ್ಸೆ. ಹುಟ್ಟಿನಿಂದಲೇ ಬಾಗಿದ್ದವರಿಗಾಗಿ ಅಮೆರಿಕದ ನೆಸ್ಬಿಟ್ 1965ರಲ್ಲಿ ತೋರಿಸಿದ ವಿಧಾನವನ್ನು ಮುಂದೆ ಈ ಕಾಯಿಲೆಗೂ ಬಳಸಿದರು. ದರ್ಜಿಗೆ ಇದು ಥಟ್ಟನೆ ಅರ್ಥವಾದೀತು. ಬಟ್ಟೆಯ ಒಂದು ಪಕ್ಕ ಕುಗ್ಗಿದರೆ ಇನ್ನೊಂದು ಪಕ್ಕವನ್ನು ಹಿಡಿದು ಹೊಲಿಯುವುದಿಲ್ಲವೇ? ಹಾಗೆಯೇ ಕಲೆಯನ್ನು ಮುಟ್ಟದೆ, ಎದುರು ಪಕ್ಕದ ಪೊರೆಯಿಂದ ಸಣ್ಣ ತುಂಡು ತೆಗೆದು ಹೊಲಿಯುತ್ತಾರೆ. ಅಂಗ ನೇರವಾಗುತ್ತದೆ, ಉದ್ದ ಸ್ವಲ್ಪ ಕಡಿಮೆಯಾಗುತ್ತದೆ. ಬಾಗು ತೀರಾ ಹೆಚ್ಚಿದ್ದರೆ ಕಲೆಯನ್ನು ಕೊಯ್ದು ತೇಪೆ ಹಾಕುವುದುಂಟು. ಆಗ ಉದ್ದ ಹೆಚ್ಚು ಉಳಿದರೂ ನಿಮಿರುವ ಶಕ್ತಿ ಕುಂದುವ ಅಪಾಯ ಜಾಸ್ತಿ. ಆ ಶಕ್ತಿ ಮೊದಲೇ ಕುಂದಿ ಔಷಧಕ್ಕೂ ಮರಳದಿದ್ದರೆ ಕೃತಕ ಸಾಧನವನ್ನು ಒಳಗಿಡುತ್ತಾರೆ.

ಅವಸರ ಮಾತ್ರ ಸಲ್ಲದು. ನೋವು ನಿಂತು, ಬಾಗು ಹಲವು ತಿಂಗಳು ಹೆಚ್ಚದೆ ಒಂದೇ ಸಮನಾಗಿದ್ದ ಮೇಲೆಯೇ ಕತ್ತರಿಗೆ ಕೆಲಸ. ಅದಕ್ಕೆ ಸಾಮಾನ್ಯವಾಗಿ ಒಂದು ವರ್ಷ ಹಿಡಿಯುತ್ತದೆ. ದಾಂಪತ್ಯಕ್ಕೆ ಅಡ್ಡಿಯಾಗದಷ್ಟು ಬಾಗಿದ್ದರೆ ಆಪರೇಷನ್ನಿನ ಗೊಡವೆಯೇ ಬೇಡ. ಆದರೆ ವೈದ್ಯರ ಕಣ್ಣೆದುರು ಕಾಯುವುದು ಬೇರೆ, ಬಾಯಿ ಹೊಲಿದುಕೊಂಡು ಕೊರಗುವುದು ಬೇರೆ. ಕಾಣಬೇಕಾದವರು ಮೂತ್ರರೋಗ ತಜ್ಞರು. ಉದ್ದ ಎಷ್ಟು ಕಡಿಮೆಯಾದೀತೆಂದು ಆಪರೇಷನ್ನಿಗೆ ಮುಂಚೆಯೇ ಅವರನ್ನು ಕೇಳಬೇಕು. ಆ ಹೊತ್ತಿಗೆ ಹೆಂಡತಿಯೂ ಪಕ್ಕದ ಕುರ್ಚಿಯಲ್ಲಿದ್ದರೆ ಒಳ್ಳೆಯದು.