ಎರಡು ಪಟ್ಟಣ, ಒಬ್ಬ ಸಾಕ್ಷಿ



ಕ್ರಿ.ಪೂ. 146ರ ಮಾತು. ಮೆಡಿಟರೇನಿಯನ್ ಕಡಲಿನ ದಕ್ಷಿಣ ದಡದಲ್ಲಿ, ಇಂದಿನ ಟ್ಯುನೀಸಿಯಾದಲ್ಲಿ, ಕಾರ್ಥೇಜ್ ಇತ್ತು. ಗ್ರೀಸಿನಲ್ಲಿ ಕೊರಿಂಥ್ ಇತ್ತು. ಎರಡೂ ಹೆಸರಾಂತ ವ್ಯಾಪಾರದ ಪಟ್ಟಣಗಳು. ಆ ಒಂದೇ ವರ್ಷದಲ್ಲಿ ರೋಮ್ ಎರಡನ್ನೂ ಹಾಳುಗೆಡವಿತು. ಎರಡು ಕಡೆಯೂ ಹೋಗಿ ಕಣ್ಣಾರೆ ಕಂಡವನು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್. ಹಿಂದೆ ಒತ್ತೆಯಾಳಾಗಿ ರೋಮಿಗೆ ಹೋದವನು, ಅಲ್ಲಿ ಸಿಪಿಯೊ ಎಂಬ ತರುಣನಿಗೆ ಗುರುವೂ ಗೆಳೆಯನೂ ಆದ. ಕಾರ್ಥೇಜಿಗೆ ಮುತ್ತಿಗೆ ಹಾಕಿದ ದಂಡನಾಯಕ ಅದೇ ಸಿಪಿಯೊ.

ಈ ಯುದ್ಧ ಶುರುವಾದ ಬಗೆ ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಮೂರು ವರ್ಷ ಹಿಂದೆ, ಶಾಂತಿ ಸಿಕ್ಕೀತೆಂದು ಕಾರ್ಥೇಜ್ ತನ್ನ 300 ಮಕ್ಕಳನ್ನು ಒತ್ತೆ ಕೊಟ್ಟಿತ್ತು. ಆಮೇಲೆ ಆಯುಧಗಳನ್ನೆಲ್ಲ ಒಪ್ಪಿಸಿತು. ಕೈ ಬರಿದಾದ ಮೇಲೆ ಕೊನೆಯ ಅಪ್ಪಣೆ ಬಂತು: ಊರು ಬಿಡಿ, ಕಡಲಿನಿಂದ ಸುಮಾರು 15 ಕಿಲೋಮೀಟರ್ ಒಳಗೆ ಹೋಗಿ ನೆಲೆಸಿ. ಹಡಗು ನಂಬಿ ಬದುಕಿದವರು ಹೊಲದ ನಡುವೆ ಏನು ಮಾಡಿಯಾರು? ಕೋಟೆ ಬಾಗಿಲು ಹಾಕಿದರು. ಗುಡಿಗಳಲ್ಲೇ ಕತ್ತಿ, ಈಟಿ ಮಾಡಲು ಕೂತರು. ಕಲ್ಲೆಸೆಯುವ ಯಂತ್ರಗಳಿಗೆ ಹುರಿ ಬೇಕಾದಾಗ ಹೆಂಗಸರು ತಲೆಗೂದಲು ಕತ್ತರಿಸಿ ಕೊಟ್ಟರು.

ಕೊನೆಗೆ ಗೋಡೆ ಒಡೆಯಿತು. ಬಂದರಿನ ಕಡೆಯಿಂದ ಬಿರ್ಸಾ ಗುಡ್ಡದವರೆಗೆ ಆರಂತಸ್ತಿನ ಮನೆಗಳು. ಮಾಳಿಗೆಯಿಂದ ಮಾಳಿಗೆಗೆ ಹಲಗೆ ಹಾಸಿ ಕಾದಾಡಿದರು. ಆರು ದಿನ ಹಗಲಿರುಳು ಕೊಲೆ, ಬೆಂಕಿ. ಏಳನೆಯ ದಿನ ಶರಣಾಗಿ ಹೊರಬಂದವರು 50,000 ಮಂದಿ. ಅವರ ಪಾಲಿಗೆ ಉಳಿದದ್ದು ಗುಲಾಮಗಿರಿ. ಉರಿಯುವ ಊರನ್ನು ನೋಡುತ್ತ ಸಿಪಿಯೊ ಅತ್ತ. ಮುಂದೊಂದು ದಿನ ರೋಮಿಗೂ ಇದೇ ಗತಿ ಬಂದೀತೆಂಬ ಭಯವನ್ನು ಪಕ್ಕದಲ್ಲಿದ್ದ ಪಾಲಿಬಿಯಸ್‌ಗೆ ಹೇಳಿಕೊಂಡ. ಆ ನೆಲದಲ್ಲಿ ಏನೂ ಬೆಳೆಯದಿರಲೆಂದು ರೋಮನರು ಉಪ್ಪು ಬಿತ್ತಿದರೆಂಬ ಕಥೆ ಮಾತ್ರ ಪ್ರಾಚೀನ ಬರಹಗಳಲ್ಲಿ ಎಲ್ಲೂ ಇಲ್ಲ.

ಇತ್ತ ಪಾಲಿಬಿಯಸ್‌ನ ಸ್ವಂತ ನಾಡಿನ ಅಕೇಯನ್ ಒಕ್ಕೂಟವೂ ರೋಮಿಗೆ ಎದುರು ನಿಂತು ಸೋತಿತು. ಸೇನಾಪತಿ ಮುಮ್ಮಿಯಸ್ ಕೊರಿಂಥ್‌ನ ಗಂಡಸರನ್ನು ಕೊಲ್ಲಿಸಿ, ಹೆಂಗಸರು ಮಕ್ಕಳನ್ನು ಮಾರಿಸಿದ. ಪಾಲಿಬಿಯಸ್ ಅಲ್ಲಿಗೆ ಬಂದಾಗ ಅಮೂಲ್ಯ ಚಿತ್ರಫಲಕಗಳು ನೆಲದ ಮೇಲೆ ಬಿದ್ದಿದ್ದವು. ಸೈನಿಕರು ಅವುಗಳ ಮೇಲೆ ಪಗಡೆದಾಳ ಉರುಳಿಸುತ್ತಿದ್ದರು.

ಅಷ್ಟರಲ್ಲಿ ರೋಮನನೊಬ್ಬ, ಹಳೆಯ ಗ್ರೀಕ್ ಸೇನಾನಿ ಫಿಲೊಪೀಮೆನ್‌ನ ಪ್ರತಿಮೆಗಳನ್ನು ಕೀಳಿಸಬೇಕೆಂದು ಹಟ ಹಿಡಿದ. ತರುಣನಾಗಿದ್ದಾಗ ಆ ಸೇನಾನಿಯ ಚಿತಾಭಸ್ಮವನ್ನು ಹೊತ್ತು ನಡೆದವನು ಪಾಲಿಬಿಯಸ್. ಈಗ ಗೆದ್ದವರ ಎದುರು ನಿಂತು ಸತ್ತವನ ಪರವಾಗಿ ವಾದಿಸಿದ. ಮುಮ್ಮಿಯಸ್ ಒಪ್ಪಿದ. ಪ್ರತಿಮೆಗಳು ಉಳಿದವು.