ಮರಿ ನೋಡುವ ಮುನ್ನ ತಾಯಿಯನ್ನು ನೋಡಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಪಶುವೈದ್ಯನಾಗಿ ಮೂವತ್ತು ವರ್ಷ ದುಡಿದವನು ನಾನು. ದನಕರುಗಳ ಬಗ್ಗೆ ಮಾತಾಡಿ ಎಂದು ಮುಖ್ಯಗುರುಗಳು ಹೇಳಿದ್ದರು. ಅವರ ಕ್ಷಮೆ ಕೇಳಿ ನಾಯಿಮರಿಯ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಕಾರಣ, ಬೆಂಗಳೂರು, ಪುಣೆ ಸೇರಿದ ನಮ್ಮ ಹುಡುಗರು ಊರಿಗೆ ಬಂದಾಗಲೆಲ್ಲ ಕೇಳುವುದು ಒಂದೇ: "ಸರ್, ಒಂದು ಚಲೋ ಮುಧೋಳ ಮರಿ ಎಲ್ಲಿ ಸಿಗತದ?"

ಮುಧೋಳ ನಾಯಿ ನಮ್ಮ ಸೀಮೆಯ ಹೆಮ್ಮೆ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು. 2020ರಲ್ಲಿ ಪ್ರಧಾನಿಯವರು ಆಕಾಶವಾಣಿಯಲ್ಲಿ ಅದರ ಹೆಸರು ಹೇಳಿದರು. ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಹೆಸರು ಬಂದ ಕಡೆ ವ್ಯಾಪಾರವೂ ಬರುತ್ತದೆ, ವ್ಯಾಪಾರದ ಬೆನ್ನಿಗೆ ಮೋಸವೂ ಬರುತ್ತದೆ.

ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಅಕ್ಕನ ಮಗ ಫೋನ್ ಮಾಡಿದ. "ಮಾಮಾ, ಬಸ್ ನಿಲ್ದಾಣಕ್ಕೇ ಮರಿ ತಂದು ಕೊಡ್ತಾರಂತ, ತಗೊಳ್ಳಲಾ?" ಅಂದ. ನಾನು ಅವಸರದಲ್ಲಿದ್ದೆ. "ತಗೋ, ಲಸಿಕೆ ನಾನು ಹಾಕ್ತೀನಿ" ಅಂದುಬಿಟ್ಟೆ. ಬಂದ ಮರಿಗೆ ಐದು ವಾರವೂ ತುಂಬಿದಂತಿರಲಿಲ್ಲ. ನಾಲ್ಕನೆಯ ದಿನ ವಾಂತಿ, ರಕ್ತಭೇದಿ. ಪಾರ್ವೋ ರೋಗ. ಎರಡು ರಾತ್ರಿ ಸಲೈನ್ ಹಾಕಿ ಕುಳಿತರೂ ಉಳಿಯಲಿಲ್ಲ. ಅವನ ಏಳು ವರ್ಷದ ಮಗಳು, "ಅಜ್ಜಾ, ನೀನು ಡಾಕ್ಟರ್ ಅಲ್ಲೇನು?" ಎಂದು ಕೇಳಿದಳು. ನನ್ನ ಬಳಿ ಉತ್ತರ ಇರಲಿಲ್ಲ. ಮಾರಿದವನ ಫೋನ್ ಆಗಲೇ ಬಂದ್ ಆಗಿತ್ತು.

ಆದ್ದರಿಂದ ಕೊಳ್ಳುವವರಿಗೆ ನನ್ನ ಮೊದಲ ಮಾತು: ಮರಿ ಹುಟ್ಟಿದ ಮನೆಗೇ ಹೋಗಿ. ತಾಯಿಯನ್ನು ತೋರಿಸಿ ಎನ್ನಿ. ತಾಯಿ ಅಂಜುಬುರುಕಿಯೋ, ಕಚ್ಚಲು ಬರುವುದೋ, ಮೈಯಲ್ಲಿ ಕಜ್ಜಿ ಇದೆಯೋ, ಮಲಗುವ ಜಾಗ ಸ್ವಚ್ಛವಿದೆಯೋ ನೋಡಿ. ತಾಯಿಯನ್ನು ತೋರಿಸಲು ನೆಪ ಹೇಳುವವನ ಹತ್ತಿರ ಮುಂಗಡ ಕೊಡಬೇಡಿ.

ಎರಡನೆಯದು ವಯಸ್ಸು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಸಾಕಿ ಮಾರುವವರು ನೋಂದಣಿ ಮಾಡಿಸಬೇಕು ಎಂದು 2017ರ ಕೇಂದ್ರ ನಿಯಮಗಳೇ ಹೇಳುತ್ತವೆ. ಒಡಹುಟ್ಟಿದವರ ಜೊತೆ ಆಡುವಾಗಲೇ ಮರಿ ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂದು ಕಲಿಯುತ್ತದೆ. ಬೇಗ ಬಿಡಿಸಿದ ಮರಿ ಅದನ್ನು ಕಲಿಯದೇ ಬರುತ್ತದೆ.

ಮೂರನೆಯದು ಚೀಟಿ. ಜಂತುಹುಳುವಿನ ಔಷಧಿ ಯಾವಾಗ ಕುಡಿಸಿದರು, ಲಸಿಕೆ ಯಾವ ದಿನ ಹಾಕಿಸಿದರು, ವೈದ್ಯರ ಸಹಿ ಇದೆಯೇ ನೋಡಿ. ಮೊದಲ ಲಸಿಕೆ ಆರರಿಂದ ಎಂಟು ವಾರಕ್ಕೆ ಬೀಳಬೇಕು. ಒಂದೇ ಸಲಕ್ಕೆ ಅದು ಮುಗಿಯುವುದಿಲ್ಲ, ನಾಲ್ಕು ತಿಂಗಳಾಗುವವರೆಗೆ ಮತ್ತೆ ಮತ್ತೆ ಹಾಕಿಸಬೇಕು. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ತಳಿಯ ಪ್ರಮಾಣಪತ್ರ ಇದ್ದರೆ ಒಳ್ಳೆಯದೇ. ಆದರೆ ಅದು ಹೇಳುವುದು ವಂಶವನ್ನು, ಆರೋಗ್ಯವನ್ನಲ್ಲ.

ನಿಜವಾದ ಸಾಕಣೆದಾರ ನಿಮ್ಮನ್ನೂ ಪ್ರಶ್ನೆ ಕೇಳುತ್ತಾನೆ. ಮನೆ ಎಷ್ಟು ದೊಡ್ಡದು, ದಿನಾ ಓಡಿಸುವವರು ಯಾರು ಎನ್ನುತ್ತಾನೆ. ಬೇಸರ ಮಾಡಿಕೊಳ್ಳಬೇಡಿ. ಬಯಲಲ್ಲಿ ಮೊಲದ ಹಿಂದೆ ಓಡಲು ಹುಟ್ಟಿದ ನಾಯಿ ಅದು. ಎರಡು ಕೋಣೆಯ ಫ್ಲ್ಯಾಟಿನಲ್ಲಿ ದಿನವಿಡೀ ಕಟ್ಟಿಹಾಕುವುದಾದರೆ ತರದಿರುವುದೇ ಪುಣ್ಯ.

ಇನ್ನು ಊರಿನಲ್ಲಿ ನಾಯಿ ಸಾಕುವ ಅಣ್ಣತಮ್ಮಂದಿರಿಗೆ ಒಂದು ಮಾತು. ಮರಿ ಮಾರಿ ಮಕ್ಕಳ ಫೀ ಕಟ್ಟುವವರು ನಿಮ್ಮಲ್ಲಿದ್ದೀರಿ, ಅದು ಮರ್ಯಾದೆಯ ದುಡಿಮೆ. ಆದರೆ ಬೆದೆಗೆ ಬಂದಾಗಲೆಲ್ಲ ಮರಿ ಹಾಕಿಸಿದರೆ ತಾಯಿ ಸೊರಗುತ್ತಾಳೆ. ಅಪ್ಪ ಮಗಳನ್ನು, ಅಣ್ಣ ತಂಗಿಯನ್ನು ಕೂಡಿಸಿದರೆ ತಳಿಯೇ ಕುಗ್ಗುತ್ತದೆ. ಇಂದು ಒಂದು ಸುಳ್ಳು ಮರಿ ಮಾರಿದರೆ ನಾಳೆ ಮುಧೋಳದ ಹೆಸರನ್ನೇ ಜನ ನಂಬುವುದಿಲ್ಲ.

ಆ ಹುಡುಗಿ ಈಗ ಇದೇ ಶಾಲೆಯಲ್ಲಿ ಎಂಟನೆಯ ತರಗತಿ ಓದುತ್ತಿದ್ದಾಳೆ, ಮುಂದಿನ ಸಾಲಿನಲ್ಲೇ ಕುಳಿತಿದ್ದಾಳೆ. ಹೋದ ವರ್ಷ ನಾವಿಬ್ಬರೂ ಮೂರು ಮನೆ ಸುತ್ತಿ, ಮೂರು ತಾಯಂದಿರನ್ನು ನೋಡಿ ಒಂದು ಮರಿ ತಂದೆವು. ಲಸಿಕೆಯ ಚೀಟಿಯನ್ನು ಮೊದಲು ಓದಿದವಳು ಅವಳೇ.

ಐವತ್ತು ವರ್ಷ ನಮಗೆ ಕೇಳಿ ತಿಳಿಯುವುದನ್ನು ಕಲಿಸಿದ ಈ ಶಾಲೆಗೆ ನಮಸ್ಕಾರ.